ಐದನೇ ಗೆರೆ

ನಿಜವಾದ ಗೆರೆ ಇಷ್ಟು ಚೆನ್ನಾಗಿ ಇರುತ್ತದೆಯೇ? ಉಳಿದ ಎಂಟು ಗೆರೆಗಳಲ್ಲಿ ಎಲ್ಲೋ ಒಂದು ಕಡೆ ತಡವರಿಕೆ ಇದೆ. ಏರುವಾಗ ಒಂದು ಚೂರು ನಿಂತು ಯೋಚಿಸಿದ ಹಾಗೆ, ಇಳಿಯುವಾಗ ಕಾಲು ಜಾರಿದ ಹಾಗೆ. ಐದನೆಯದರಲ್ಲಿ ಮಾತ್ರ ಅಂಥದ್ದೇನೂ ಇಲ್ಲ. ದಿನಕ್ಕೊಂದು ಏರು, ಒಂದು ಇಳಿತ, ನಾಲ್ಕು ಬೆರಳಿನ ಎತ್ತರ, ಪ್ರತಿದಿನವೂ ನಾಲ್ಕೇ ಬೆರಳು. ಹನ್ನೊಂದು ತಿಂಗಳಿಂದ ಈ ಹಳದಿ ಗೆರೆಯನ್ನು ದಿನವೂ ನೋಡಿದ್ದೇನೆ, ಅದು ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಬಟ್ಟೆಯ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾರೆ. ಅವರು ಹೇಳಿದ್ದು ತಪ್ಪಾಗಿರಲಿ, ಅವರ ಕಣ್ಣು ಮಂಜಾಗಿರಲಿ, ಅವರಿಗೆ ತಲೆ ಕೆಟ್ಟಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ.

ಹೀಗೆ ಬೇಡಿಕೊಂಡ ಆ ಮಧ್ಯಾಹ್ನ ಕಳೆದು ಒಂದು ವರ್ಷವಾಯಿತು. ಆ ಕುರ್ಚಿಯಿಂದ ನಾನಿನ್ನೂ ಎದ್ದಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ನಮ್ಮೂರಿನ ನೆಲ ಬೆಳಗ್ಗೆ ಏರುತ್ತದೆ, ಸಂಜೆ ಇಳಿಯುತ್ತದೆ. ಓಣಿಗೊಂದು ಹೊತ್ತು, ಓಣಿಗೊಂದು ಅಳತೆ. ಕೊಡವನ್ನು ನಾವು ಕಂಠದವರೆಗೆ ತುಂಬುವುದಿಲ್ಲ. ಬಾಗಿಲಿಗೆ ತೊಗಲಿನ ಕೀಲು ಹಾಕುತ್ತೇವೆ. ಏರಿನ ಹೊತ್ತಿಗೆ ಕ್ಷೌರದವರು ಕತ್ತಿ ಎತ್ತಿ ಹಿಡಿದು ನಿಲ್ಲುತ್ತಾರೆ, ಗಿರಾಕಿಗಳು ನೊರೆ ಮೆತ್ತಿದ ಮುಖದಲ್ಲೇ ಹರಟೆ ಮುಂದುವರಿಸುತ್ತಾರೆ. ಓಣಿಯ ಒಳಗಿದ್ದವರಿಗೆ ಎಲ್ಲವೂ ಒಟ್ಟಿಗೆ ಏರುವುದರಿಂದ ಗೊತ್ತಾಗುವುದು ಕಡಿಮೆ, ಅಂಗಾಲಿನಲ್ಲಿ ಒಂದು ಸಣ್ಣ ಜುಮ್ಮು, ಅಷ್ಟೇ. ಏರುವಷ್ಟು ದಿನ ಭಯವಿಲ್ಲ. ಏರುವುದು ನಿಂತ ಓಣಿ ಕೆಲವು ದಿನಗಳ ಮೇಲೆ ಬಾಯಿ ಬಿಡುತ್ತದೆ. ಹಾಗೆ ಮೂರು ಓಣಿಗಳು ಹೋಗಿವೆ. ನಿಂತ ಹದಿನಾಲ್ಕನೇ ದಿನ ಒಂದು, ಇಪ್ಪತ್ತನೇ ದಿನ ಒಂದು, ನಲವತ್ತೊಂದನೇ ದಿನ ಒಂದು. ಅವು ಇದ್ದ ಕಡೆ ಈಗ ಮುಳ್ಳುತಂತಿ ಇದೆ.

ಆದರೂ ನಮ್ಮೂರಿನಲ್ಲಿ ಯಾರೂ ತಮ್ಮ ಮನೆಯ ನೆಲವನ್ನು ತಾವು ಅಳೆಯುವುದಿಲ್ಲ. ಅಳೆದರೆ ನೆಲ ಉಸಿರು ಬಿಗಿಹಿಡಿಯುತ್ತದೆ ಎನ್ನುತ್ತಾರೆ. ಪ್ರತಿ ಓಣಿಯ ತಲೆಯಲ್ಲಿ ಅಲುಗಾಡದ ಒಂದು ಕಲ್ಲು ನಿಂತಿದೆ, ಬೇರು ಎಷ್ಟು ಆಳವೋ ಯಾರಿಗೂ ತಿಳಿಯದು. ಯಾರೂ ಗುರುತು ಹಾಕಬಾರದೆಂದು ಅದಕ್ಕೆ ವರ್ಷಕ್ಕೆರಡು ಸಲ ಸುಣ್ಣ ಬಳಿಯುತ್ತಾರೆ. ಅಳೆಯುವ ಕೆಲಸ ಊರ ಹೊರಗಿನ ಬಂಡೆಯ ಮೇಲಿರುವ ನಮ್ಮ ಪರೀಕ್ಷಾಲಯದ್ದು. ಬಂಡೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಲ್ಲಿ ಒಂಬತ್ತು ಉಕ್ಕಿನ ಕೊಳವೆಗಳಲ್ಲಿ ಒಂಬತ್ತು ಓಣಿಗಳಿಂದ ಕೊರೆದು ತಂದ ಮೊಳದುದ್ದದ ಮಣ್ಣು ಇದೆ. ಓಣಿ ಏರಿದಾಗ ಅದರ ಮಣ್ಣೂ ಕೂದಲೆಳೆಯಷ್ಟು ಏರುತ್ತದೆ. ಪ್ರತಿ ಕೊಳವೆಯ ತಲೆಯ ಮೇಲೆ ಒಂದು ಸೆನ್ಸರ್ ಇದೆ. ಸೆನ್ಸರ್ ಹೇಳಿದ್ದನ್ನು ಕಂಪ್ಯೂಟರ್ ಗೆರೆಯಾಗಿಸಿ ಊರ ಚೌಕದ ದೊಡ್ಡ ಪರದೆಗೆ ಕಳಿಸುತ್ತದೆ. ಆ ಕಂಪ್ಯೂಟರಿನ ಪ್ರೋಗ್ರಾಂ ಮಾಡಿದವನು ನಾನು. ಊರಿನವರು ನನ್ನನ್ನು ಗೆರೆ ಸಾರ್ ಎನ್ನುತ್ತಾರೆ.

ಕೆಲಸಕ್ಕೆ ಸೇರಿದ ದಿನ ಒಂದು ಕಾಗದವನ್ನು ಗಟ್ಟಿಯಾಗಿ ಓದಿಸಿ ಸಹಿ ಹಾಕಿಸಿಕೊಂಡಿದ್ದರು. ಸುಳ್ಳು ಗೆರೆ ಎಳೆದವನು ಆ ಓಣಿಯಲ್ಲಿ, ಆ ಓಣಿ ಇರುವತನಕ, ಪ್ರತಿ ರಾತ್ರಿ ಮಲಗಬೇಕು ಎಂದಿತ್ತು. ಓದುವಾಗ ನಾನು ನಕ್ಕಿದ್ದೆ. ಓದಿಸಿದವರು ನಗಲಿಲ್ಲ.

ಆ ಹೆಂಗಸಿನ ಹೆಸರು ದಾಕ್ಷಮ್ಮ. ಐದನೆಯದಾದ ಬಳೆಗಾರರ ಓಣಿಯ ಮೊದಲನೇ ಮನೆಯವರು, ರವಿಕೆ ಹೊಲಿಯುವವರು. ಒಳಗೆ ಬಂದವರೇ ಮೇಜಿನ ಮೇಲಿದ್ದ ನನ್ನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಬಟ್ಟೆಯ ಸುರುಳಿ ಬಿಚ್ಚಿದರು. ಅಂಗೈ ಅಗಲದ ಬಿಳಿ ಪಟ್ಟಿ, ನಾಲ್ಕು ಮೊಳ ಉದ್ದ. ಅದರ ಮೇಲೆ ಕೆಂಪು ದಾರದಲ್ಲಿ ಒಂದು ಗೆರೆ ಏರುತ್ತಾ ಇಳಿಯುತ್ತಾ ಹೋಗಿತ್ತು. ವಾರಕ್ಕೊಂದು ನೀಲಿ ಗಂಟು.

"ಬೈಬೇಡಿ ಸಾರ್," ಎಂದರು. "ಅಳೀಬಾರದು ಅಂತ ಗೊತ್ತು. ಆದ್ರೆ ನಾನು ಮೂವತ್ತು ವರ್ಷದಿಂದ ಅಳೀತಾನೇ ಬದುಕಿರೋಳು. ಕೈ ಸುಮ್ನಿರಲ್ಲ. ಆ ಕಲ್ಲಿಗೂ ನನ್ನ ಹೊಸ್ತಿಲಿಗೂ ಟೇಪು ಹಿಡೀತೀನಿ, ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಇಲ್ಲಿ ಒಂದೊಂದು ಹೊಲಿಗೆ ಹಾಕ್ಕೋತೀನಿ."

"ಯಾರಿಗಾದರೂ ತೋರಿಸಿದ್ದೀರಾ?"

"ಟೀ ಅಂಗಡಿ ಈರಭದ್ರನಿಗೆ ಬಾಯಲ್ಲಿ ಹೇಳ್ದೆ. ಏನಂದ ಗೊತ್ತಾ? ಮೂವತ್ತಾರರ ರವಿಕೆ ಮೂವತ್ನಾಲ್ಕಕ್ಕೆ ಹೊಲ್ದು ನನ್ನ ಹೆಂಡ್ತಿ ಉಸಿರು ಕಟ್ಟಿಸ್ದೋಳು, ಈಗ ಓಣಿ ಅಳತೆ ತೆಗೀತಾಳಂತೆ ಅಂದ. ಎಲ್ರೂ ನಕ್ರು. ಬೆಳಬೆಳಗ್ಗೆ ಕಾಲಿಗೆ ಜುಮ್ ಅನ್ನುತ್ತಲ್ಲ, ಪರದೇಲಿ ತೋರ್ಸಿದ ಹೊತ್ಗೇ ಅನ್ನುತ್ತಲ್ಲ ಅಂತ ಆಣೆ ಇಟ್ಟ."

ನಾನು ಪಟ್ಟಿಯ ಕೊನೆಯ ಭಾಗ ನೋಡಿದೆ. ಎರಡು ತಿಂಗಳಿಂದ ಅಲೆ ತಗ್ಗುತ್ತಾ ಬಂದಿತ್ತು. ಕೊನೆಯ ಒಂಬತ್ತು ದಿನ ಹೊಲಿಗೆಗಳು ಒಂದರ ಪಕ್ಕ ಒಂದು ನೆಟ್ಟಗೆ, ರವಿಕೆಯ ಅಂಚು ಹೊಲಿದಂತೆ ಕೂತಿದ್ದವು.

"ನನ್ನ ಹೊಸ್ತಿಲು ಏರ್ತಿಲ್ಲ ಸಾರ್," ಎಂದರು ದಾಕ್ಷಮ್ಮ. "ನೀವು ಓದ್ದೋರು. ನೋಡಿ ಹೇಳಿ."

ಹತ್ತು ನಿಮಿಷ ಹೊರಗೆ ಕೂತಿರಿ ಎಂದೆ.

ನಮ್ಮ ಪ್ರೋಗ್ರಾಂನಲ್ಲಿ ಸಾಲು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತೇವೆ. ಮುಂದಿನ ಹಾಳೆಯಲ್ಲಿ ಗೆರೆಗಳು, ಗುಂಡಿಗಳು, ದೀಪಗಳು. ಹಿಂದಿನ ಹಾಳೆಯಲ್ಲಿ ಪುಟ್ಟ ಚೌಕಗಳು, ಅವುಗಳ ನಡುವೆ ಬಣ್ಣದ ತಂತಿಗಳು. ಒಂದು ಚೌಕ ಸೆನ್ಸರನ್ನು ಓದುತ್ತದೆ, ಒಂದು ಬೆರಳಿನ ಅಳತೆಗೆ ತಿರುಗಿಸುತ್ತದೆ, ಒಂದು ಮಣ್ಣು ಒಣಗದಂತೆ ನೀರಿನ ನಲ್ಲಿ ಬಿಡುತ್ತದೆ. ತಂತಿ ಹಿಡಿದು ಹಿಂದಕ್ಕೆ ನಡೆದರೆ ಗೆರೆ ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ. ನಾನು ಐದನೇ ಗೆರೆಯ ತಂತಿ ಹಿಡಿದು ಹಿಂದಕ್ಕೆ ನಡೆದೆ. ಅದು ಸೆನ್ಸರಿನ ಚೌಕಕ್ಕೆ ಹೋಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಚೌಕಕ್ಕೆ ಹೋಗಿ ನಿಂತಿತು. ಅದರ ಮೇಲೆ ಒಂದು ಸಣ್ಣ ಅಲೆಯ ಚಿತ್ರವಿತ್ತು.

ಅದನ್ನು ಅಲ್ಲಿಟ್ಟವನು ನಾನೇ. ಊರ ಚೌಕದ ಪರದೆ ಉದ್ಘಾಟನೆಯಾಗುವಾಗ ಐದನೇ ಸೆನ್ಸರ್ ಇನ್ನೂ ಬಂದಿರಲಿಲ್ಲ. ಒಂದು ಗೆರೆ ಖಾಲಿ ಬಿಟ್ಟರೆ ಜನ ಹೆದರುತ್ತಾರೆ, ಸದ್ಯಕ್ಕೆ ಏನಾದರೂ ಹಾಕು ಎಂದು ಮೇಲಧಿಕಾರಿ ವೆಂಕೋಬರಾಯರು ಹೇಳಿದ್ದರು. ಪರೀಕ್ಷೆಗೆಂದು ಇಟ್ಟುಕೊಳ್ಳುವ ಕೃತಕ ಅಲೆಯನ್ನು ಎರಡೇ ದಿನಕ್ಕೆಂದು ಜೋಡಿಸಿದ್ದೆ. ಬೇಕಾದಾಗ ಹೆಚ್ಚು ಕಡಿಮೆ ಮಾಡಲು ಅಲೆಯ ಎತ್ತರಕ್ಕೆ ಒಂದು ತಿರುಗಣೆಯನ್ನೂ ಬಿಡಿಸಿದ್ದೆ. ಹತ್ತು ದಿನದ ಮೇಲೆ ಸೆನ್ಸರ್ ಬಂತು. ಕೊಳವೆಯ ಮೇಲೆ ಕೂರಿಸಿದೆವು. ಅದರ ಹಸಿರು ದೀಪ ಹತ್ತಿತು. ದೀಪ ಹತ್ತಿದ್ದನ್ನು ನೋಡಿ ಕೆಲಸ ಮುಗಿಯಿತು ಅಂದುಕೊಂಡೆ. ತಂತಿ ಬದಲಿಸಿರಲಿಲ್ಲ. ನಿಜವಾದ ಸೆನ್ಸರಿನ ತಂತಿ ಹನ್ನೊಂದು ತಿಂಗಳಿಂದ ಹಾಳೆಯ ಮೂಲೆಯಲ್ಲಿ, ಯಾವ ಗೆರೆಗೂ ಸೇರದೆ, ತುದಿ ಬಿಟ್ಟುಕೊಂಡು ಬಿದ್ದಿತ್ತು.

ಆ ತುದಿಗೆ ಅಳತೆಯ ಅಂಕಿ ತೋರಿಸುವ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸಿದೆ. ಸೊನ್ನೆ. ಕಾದೆ. ಸೊನ್ನೆ.

ಮಣ್ಣಿನ ಕೊಳವೆಗಳಿರುವ ಕೋಣೆಯ ಬಾಗಿಲಲ್ಲಿ ಜವರಯ್ಯ ನಿಂತಿದ್ದ. ನಮ್ಮ ಹಳೆಯ ಮೆಕ್ಯಾನಿಕ್, ಮಣ್ಣಿನ ಆರೈಕೆ ಅವನದು. "ಐದನೇ ಮಣ್ಣು ಯಾಕೋ ತಣ್ಣಗೆ ಕೂತದೆ ಸಾ," ಎಂದ. "ಒಂದು ವಾರ ಆಯ್ತು."

"ಮೊದಲೇ ಯಾಕೆ ಹೇಳಲಿಲ್ಲ?"

"ಪರದೆ ಮ್ಯಾಲೆ ಚೆನ್ನಾಗೇ ಓಡ್ತದಲ್ಲ ಅಂತ ಸುಮ್ಕಾದೆ. ನಾನು ಮಣ್ಣು ಮುಟ್ಟೋನು, ಗೆರೆ ನೋಡೋನಲ್ಲ."

ನಾನು ವೆಂಕೋಬರಾಯರ ಕೋಣೆಗೆ ಹೋದೆ. ಹೇಳಿಬಿಡಲೆಂದೇ ಹೋದೆ. ಅವರು ಕಿಟಕಿಯಿಂದ ಕೆಳಗಿನ ಊರನ್ನು ನೋಡುತ್ತಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನೋಡಯ್ಯ," ಎಂದರು ನಾನು ಬಾಯಿ ತೆರೆಯುವ ಮೊದಲೇ, "ಈ ಜನ ರಾತ್ರಿ ಕಣ್ಣು ಮುಚ್ಚೋದು ದೇವರ ಮೇಲಿನ ನಂಬಿಕೆಯಿಂದಲ್ಲ, ನಿನ್ನ ಪರದೆ ಮೇಲಿನ ನಂಬಿಕೆಯಿಂದ. ಒಂದು ಗೆರೆ ಸುಳ್ಳು ಅಂತ ಗೊತ್ತಾದ್ರೆ ಒಂಬತ್ತೂ ಸುಳ್ಳು. ಆಮೇಲೆ ಮಣ್ಣು ನುಂಗೋದು ಬೇಕಿಲ್ಲ, ಒಬ್ಬರನ್ನೊಬ್ಬರು ತುಳಿದೇ ಸಾಯ್ತಾರೆ. ಏನು ಬಂದೆ?"

"ಐದನೇ ಓಣಿಯಿಂದ ಒಬ್ಬ ಹೆಂಗಸು ಬಂದಿದ್ದಾರೆ. ಅಳೆದಿದ್ದಾರಂತೆ."

ಅವರು ಎಲೆ ಕೆಳಗಿಟ್ಟರು. "ಅಳೆದಳಾ? ಅಲ್ಲಿನ ಗೆರೆ ಹೇಗಿದೆ?"

ಆಗ ನಾನು ಹೇಳಬಹುದಾಗಿತ್ತು. ನಾಲಿಗೆ ಎದ್ದದ್ದು ನೆನಪಿದೆ. ಆದರೆ ಕಣ್ಣೆದುರು ಬಂದದ್ದು ನಾನು ಸಹಿ ಮಾಡಿದ ಕಾಗದ, ಮತ್ತು ನಿಂತುಹೋದ ನೆಲದ ಮೇಲೆ ಹಾಸಿದ ಒಂದು ಚಾಪೆ. "ಸದ್ಯಕ್ಕೆ ಸರಿಯಾಗಿದೆ," ಎಂದೆ.

ಬೆಂಚಿನ ಬಳಿ ಬಂದಾಗ ದಾಕ್ಷಮ್ಮ ಎದ್ದು ನಿಂತರು. "ಓಣಿ ಬಿಡಬೇಕಾ ಸಾರ್? ಮೂರನೇ ಓಣೀಲಿ ತಂಗಿ ಮನೆ ಇದೆ. ಹೇಳಿ, ಈಗ್ಲೇ ಹೋಗ್ತೀನಿ."

ಅವರು ಹೋದರೆ ಯಾಕೆ ಹೋದರೆಂದು ಎಲ್ಲರೂ ಕೇಳುತ್ತಾರೆ. ಗೆರೆ ಸಾರ್ ಹೇಳಿದರು ಎನ್ನುತ್ತಾರೆ. "ಪರದೆಯಲ್ಲಿ ಸರಿಯಾಗಿದೆಯಲ್ಲಮ್ಮ," ಎಂದೆ. "ಮನೆಗೆ ಹೋಗಿ. ಪರದೆ ನೋಡ್ತಾ ಇರಿ."

ಅವರು ಪಟ್ಟಿಯನ್ನು ಸುತ್ತಿಕೊಂಡರು. ನಂಬಿದರೋ ಇಲ್ಲವೋ, ತಲೆ ಆಡಿಸಿದರು.

ನಾನು ಮಾಡಿದ್ದನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. ನಿಜವಾದ ತಂತಿಯನ್ನು ಆಗಲೇ ಜೋಡಿಸಿದ್ದರೆ ಹಳದಿ ಗೆರೆ ನಾಲ್ಕು ಬೆರಳಿನಿಂದ ಸೊನ್ನೆಗೆ ಒಮ್ಮೆಲೇ ಬಿದ್ದಿರುತ್ತಿತ್ತು. ಯಾವ ಓಣಿಯೂ ಹಾಗೆ ನಿಂತದ್ದಿಲ್ಲ. ಯಾಕೆಂದು ಕೇಳುತ್ತಿದ್ದರು, ಪ್ರೋಗ್ರಾಂನ ಹಿಂದಿನ ಹಾಳೆ ತೆರೆಸುತ್ತಿದ್ದರು, ತಂತಿ ಹಿಡಿದು ನಡೆಯುತ್ತಿದ್ದರು. ಅದಕ್ಕೆ ತಿರುಗಣೆ ಹಿಡಿದೆ. ಅಲೆಯನ್ನು ಮೆಲ್ಲಗೆ ಸಾಯಿಸಿದರೆ ಸಹಜವಾಗಿ ಕಾಣುತ್ತದೆ. ಎಷ್ಟು ದಿನ? ನಿಂತು ಒಂಬತ್ತು ದಿನ ಆಗಿದೆ. ಎಲ್ಲಕ್ಕಿಂತ ಬೇಗ ಹೋದ ಓಣಿ ಹದಿನಾಲ್ಕನೇ ದಿನ ಹೋಗಿತ್ತು. ಮೂರು ದಿನ ತೆಗೆದುಕೊಂಡರೂ ಎರಡು ದಿನ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿದೆ. ಆ ಓಣಿಯಲ್ಲಿ ಇಪ್ಪತ್ತಾರು ಮನೆಗಳಿದ್ದವು. ಅವುಗಳ ಸಂಖ್ಯೆಯನ್ನು ಮಾತ್ರ ನಾನು ಆ ಲೆಕ್ಕದೊಳಗೆ ಸೇರಿಸಲಿಲ್ಲ.

ಮೊದಲ ದಿನ ನಾಲ್ಕರಿಂದ ಮೂರಕ್ಕೆ ಇಳಿಸಿದೆ. ಗೆರೆ ತೀರಾ ಚೆನ್ನಾಗಿದೆ ಅನ್ನಿಸಿ ಒಂದೆರಡು ತಡವರಿಕೆಗಳನ್ನೂ ಸೇರಿಸಿದೆ. ಆ ದಿನ ಬಳೆಗಾರರ ಓಣಿಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಈರಭದ್ರನ ಟೀ ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು.

"ಬನ್ನಿ ಗೆರೆ ಸಾರ್, ಬನ್ನಿ," ಎಂದು ಕೂಗಿದ ಈರಭದ್ರ. "ನೋಡಿದ್ರಾ? ಮೂರಕ್ಕೆ ಬಂತು! ನಿನ್ನೆ ತನಕ ಕಲ್ಲಿನ ಹಾಗೆ ನಾಲ್ಕಿತ್ತು. ಇವತ್ತು ಬೆಳಗ್ಗೆ ನನ್ನ ಕಾಲಲ್ಲೇ ಗೊತ್ತಾಯ್ತು, ಜುಮ್ಮು ಕಮ್ಮಿ. ಯಾರೋ ಟೇಪು ಹಿಡ್ಕೊಂಡು ನಿಂತ್ರೆ ನೆಲಕ್ಕೆ ನಾಚ್ಕೆ ಆಗಲ್ವಾ?"

ಯಾರೂ ನಗಲಿಲ್ಲ. ಎಲ್ಲರೂ ಮೊದಲನೇ ಮನೆಯ ಕಡೆ ನೋಡಿದರು. ಅಲ್ಲಿ ಹೊಲಿಗೆ ಯಂತ್ರದ ಸದ್ದು ನಡೆದಿತ್ತು. ನನ್ನ ಕಾಲ ಕೆಳಗಿನ ನೆಲ ಹತ್ತು ದಿನಗಳಿಂದ ಅಲುಗಾಡಿರಲಿಲ್ಲ. ಅದು ನನಗೆ ಮತ್ತು ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ ಗೊತ್ತಿತ್ತು. ಕೊಟ್ಟ ಟೀಯನ್ನು ನಾನು ಕುಡಿಯದೆ ಕೆಳಗಿಟ್ಟೆ. ಈರಭದ್ರ ಅದನ್ನು ನೋಡಿ, "ಸಾರ್‌ಗೂ ಭಯ ಆಗಿದೆ ಕಣ್ರಯ್ಯ," ಎಂದ. ಆ ಮಾತೇ ಓಣಿಯೆಲ್ಲ ಹರಡಿತು.

ಎರಡನೇ ದಿನ ಒಂದೂವರೆ. ಯಾರೋ ದಾಕ್ಷಮ್ಮನ ಬಾಗಿಲಿಗೆ ಸೆಗಣಿ ಎಸೆದರಂತೆ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಹೆಂಗಸರು ವಾಪಸ್ಸು ತೆಗೆದುಕೊಂಡು ಹೋದರಂತೆ. ಜವರಯ್ಯ ಇದನ್ನು ಹೇಳುತ್ತಾ ಐದನೇ ಕೊಳವೆಯ ಮೇಲೆ ಕೈ ಇಟ್ಟುಕೊಂಡಿದ್ದ. ಮಾತು ಮುಗಿದ ಮೇಲೂ ತೆಗೆಯಲಿಲ್ಲ. ಅವನಿಗೆ ಎಷ್ಟು ಗೊತ್ತಿತ್ತೆಂದು ನನಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯವಿಲ್ಲ.

ಮೂರನೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ತಿರುಗಣೆಯನ್ನು ಸೊನ್ನೆಗೆ ತಂದೆ. ಆಮೇಲೆ ಕೃತಕ ಅಲೆಯ ಚೌಕವನ್ನು ಅಳಿಸಿ, ಮೂಲೆಯಲ್ಲಿ ಬಿದ್ದಿದ್ದ ತಂತಿಯನ್ನು ಗೆರೆಗೆ ಜೋಡಿಸಿದೆ. ಸೊನ್ನೆಯ ಜಾಗದಲ್ಲಿ ಸೊನ್ನೆ ಬಂದು ಕೂತಿತು. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಕೆಳಗೆ ಊರ ಚೌಕದಲ್ಲಿ ಸೈರನ್ ಕೂಗಿತು. ಬಂಡೆಯ ಮೇಲಿಂದ ನೋಡಿದೆ. ಹಾಸಿಗೆ, ಬೀರು, ಮುದುಕಿಯರನ್ನು ಕೂರಿಸಿದ ಕುರ್ಚಿಗಳು, ಬಳೆಯ ಗಾಜಿನ ಪೆಟ್ಟಿಗೆಗಳು, ಎಲ್ಲವೂ ಓಣಿಯ ಬಾಯಿಂದ ಹೊರಗೆ ಬರುತ್ತಿದ್ದವು. ಕೊನೆಗೆ ಒಂದು ಹೊಲಿಗೆ ಯಂತ್ರ ಬಂತು. ಅದನ್ನು ಒಬ್ಬರೇ ಎಳೆಯುತ್ತಿದ್ದರು. ಉಳಿದವರು ದಾರಿ ಬಿಟ್ಟು ನಿಂತಿದ್ದರು.

ಮರುದಿನ ಬೆಳಗ್ಗೆ ಹತ್ತಕ್ಕೆ ಓಣಿ ಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ತುಂಬಿದ ಗೋಣಿಚೀಲವನ್ನು ಯಾರೋ ಕೆಳಗಿಟ್ಟ ಸದ್ದು. ಹದಿಮೂರನೇ ದಿನ. ನನ್ನ ಲೆಕ್ಕದಲ್ಲಿ ಇನ್ನೊಂದು ದಿನ ಉಳಿದಿತ್ತು. ಜನ ಹೊರಬಂದು ಹದಿನೆಂಟು ಗಂಟೆಯಾಗಿತ್ತು. ಪರೀಕ್ಷಾಲಯದಲ್ಲಿ ಐದನೇ ಕೊಳವೆಯ ಮಣ್ಣು ಪುಡಿಯಾಗಿ ತಳ ಸೇರಿತು.

ವಿಚಾರಣೆ ಊರ ಚೌಕದಲ್ಲೇ, ಪರದೆಯ ಕೆಳಗೆ ನಡೆಯಿತು. ನಿಂತ ಮರುದಿನವೇ ಬಾಯಿ ಬಿಟ್ಟ ಓಣಿ ಹಿಂದೆಂದೂ ಇರಲಿಲ್ಲ. ಅದಕ್ಕೆ ಕಾರಣ ಬೇಕಾಗಿತ್ತು, ಕಾರಣ ಅಲ್ಲೇ ನಿಂತಿತ್ತು. ದಾಕ್ಷಮ್ಮ ತಮ್ಮ ಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. ಕೊನೆಯಲ್ಲಿ ಹನ್ನೆರಡು ದಿನದ ನೆಟ್ಟಗಿನ ಹೊಲಿಗೆ.

"ನಾನು ಅಳೆದಿದ್ದು ನಿಜ," ಎಂದರು. "ಅಳೆದಿದ್ದಕ್ಕೆ ನಿಂತಿದ್ದಲ್ಲ. ನಿಂತಿದ್ದಕ್ಕೆ ಹೇಳೋಕೆ ಹೋದೆ. ಇದನ್ನ ನೋಡಿ. ನಾನು ಗೆರೆ ಸಾರ್ ಹತ್ರ ಹೋಗೋ ಹೊತ್ಗೇ ಒಂಬತ್ತು ದಿನ ಆಗಿತ್ತು."

"ಆ ಒಂಬತ್ತು ದಿನ ಪರದೆ ಮೇಲೆ ನಾಲ್ಕಿತ್ತು," ಎಂದ ಈರಭದ್ರ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಅಂಗಡಿ ಹೋಗಿತ್ತು. "ನನ್ನ ಕಾಲಿಗೂ ಗೊತ್ತಿತ್ತು. ಇಪ್ಪತ್ತಾರು ಮನೆ ತಿಂದ್ಯಲ್ಲಮ್ಮ ನಿನ್ನ ಟೇಪಲ್ಲಿ."

ವೆಂಕೋಬರಾಯರು ನನ್ನನ್ನು ಕರೆದರು. ಬಟ್ಟೆಯ ಪಕ್ಕದಲ್ಲಿ ಪರೀಕ್ಷಾಲಯದ ದಾಖಲೆಯನ್ನು ಅಚ್ಚು ಹಾಕಿಸಿ ಇಟ್ಟಿದ್ದರು. ಕೆಂಪು ದಾರದ ಗೆರೆ, ಹಳದಿ ಶಾಯಿಯ ಗೆರೆ. "ಈಕೆಯ ಅಳತೆ ನಿನ್ನ ದಾಖಲೆಗೆ ಹೊಂದುತ್ತದೆಯೇ?"

ದಾಕ್ಷಮ್ಮ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ದೂರು ಇರಲಿಲ್ಲ. ಅಳತೆ ಕೊಟ್ಟು, ಸರಿಯಾಗಿ ಬರೆದುಕೊಂಡಿರಾ ಎಂದು ಕೇಳುವವರ ನೋಟ.

"ಹೊಂದುವುದಿಲ್ಲ," ಎಂದೆ. ಅದು ನಿಜವೇ ಆಗಿತ್ತು.

ಯಾರೂ ಕೂಗಾಡಲಿಲ್ಲ. ಉಳಿದ ಎಂಟು ಓಣಿಗಳಲ್ಲಿ ಯಾವುದರಲ್ಲೂ ಅವರು ಇರಕೂಡದೆಂದು ತೀರ್ಮಾನವಾಯಿತು, ತಂಗಿಯ ಮನೆಯಲ್ಲೂ ಸಹ. ಏರದ ಇಳಿಯದ ನೆಲದ ಮೇಲೆ ಮಾತ್ರ ಇರಬಹುದು. ಅಂಥ ನೆಲ ಊರಿಗೆಲ್ಲ ಒಂದೇ, ನಮ್ಮ ಬಂಡೆ. ಪರೀಕ್ಷಾಲಯದ ಹಿಂದೆ, ನನ್ನ ಕಿಟಕಿಯ ಕೆಳಗೆ, ಹಳೆಯ ಕೊರೆಯುವ ಯಂತ್ರವಿಟ್ಟಿದ್ದ ತಗಡಿನ ಕೊಟ್ಟಿಗೆಯಲ್ಲಿ ಈಗ ಅವರಿದ್ದಾರೆ.

ದಿನವೂ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಊರಿನಿಂದ ಯಾರೂ ಬಟ್ಟೆ ತರುವುದಿಲ್ಲ, ಏನು ಹೊಲಿಯುತ್ತಾರೋ. ನಾನು ಕಿಟಕಿಗೆ ಬಂದರೆ ಸದ್ದು ನಿಲ್ಲುತ್ತದೆ. ಕುರ್ಚಿಗೆ ಹಿಂತಿರುಗಿದರೆ ಶುರುವಾಗುತ್ತದೆ. ಪರದೆಯಲ್ಲಿ ಈಗ ಎಂಟು ಗೆರೆಗಳು. ದಿನಕ್ಕೆ ಮೂರು ಸಲ ಎಂಟೂ ತಂತಿಗಳನ್ನು ಹಿಡಿದು ಹಿಂದಕ್ಕೆ ನಡೆಯುತ್ತೇನೆ. ಎಲ್ಲವೂ ಸೆನ್ಸರಿಗೇ ಹೋಗುತ್ತವೆ. ಆದರೂ ಗೆರೆ ಯಾವತ್ತಾದರೂ ತುಸು ಚೆನ್ನಾಗಿ ಕಂಡರೆ ಅದರ ತಂತಿಯನ್ನು ಇನ್ನೊಮ್ಮೆ ಹಿಡಿದು ನಡೆಯುತ್ತೇನೆ.

ಮೊನ್ನೆ ಊಟದ ಹೊತ್ತಿನಲ್ಲಿ ಅವರೇ ಬಾಗಿಲಿಗೆ ಬಂದರು. ಕೈಯಲ್ಲಿ ಸೂಜಿದಾರವಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ.

"ನಿಮ್ಮ ಅಂಗಿ ಎರಡನೇ ಗುಂಡಿ ಜೋತಾಡ್ತಿದೆ ಸಾರ್. ಕಿಟಕೀಲಿ ಕಾಣ್ಸುತ್ತೆ. ಬಿಚ್ಚೋದೇನೂ ಬೇಡ, ನಿಂತ್ಕೊಳ್ಳಿ ಹಾಗೇ."

ನಿಂತೆ. ಅವರು ನನ್ನ ಎದೆಯ ಹತ್ತಿರ ತಲೆ ಬಗ್ಗಿಸಿ ಗುಂಡಿ ಹೊಲಿಯತೊಡಗಿದರು. ನನ್ನ ಎದೆಬಡಿತ ಅವರಿಗೆ ಕೇಳುತ್ತದೆ ಅನ್ನಿಸಿ ಉಸಿರು ಬಿಗಿಹಿಡಿದೆ.

"ನೀವು ಬೇಜಾರು ಮಾಡ್ಕೋಬೇಡಿ," ಎಂದರು ದಾರದಿಂದ ಕಣ್ಣೆತ್ತದೆ. "ಆವತ್ತು ಅಷ್ಟು ಜನದೆದುರು ನಿಮಗೂ ಕಷ್ಟ ಆಯ್ತು. ನಿಮ್ಮ ಮಷೀನು ಸುಳ್ಳು ಹೇಳುತ್ತಾ? ಕೂತು ಕೂತು ಯೋಚ್ನೆ ಮಾಡ್ದೆ. ಮೂವತ್ತು ವರ್ಷದ ಟೇಪು. ಜಗ್ಗಿತ್ತೇನೋ. ಜಗ್ಗಿದ ಟೇಪಲ್ಲಿ ಎಷ್ಟು ಜನಕ್ಕೆ ತಪ್ಪು ರವಿಕೆ ಹೊಲಿದಿದ್ದೀನೋ. ಈರಭದ್ರನ ಹೆಂಡ್ತೀದೂ ಅದೇ ಆಗಿರ್ಬೇಕು." ದಾರವನ್ನು ಹಲ್ಲಿನಲ್ಲಿ ಕಡಿದು, ಗುಂಡಿಯನ್ನು ಒಮ್ಮೆ ಎಳೆದು ನೋಡಿದರು. "ನಿನ್ನೆ ಅದನ್ನ ಒಲೆಗೆ ಹಾಕ್ದೆ. ಟೇಪನ್ನೂ, ಆ ಪಟ್ಟೀನೂ."

ನಾನು ಗುಂಡಿ ಮುಟ್ಟಿ ನೋಡಿಕೊಂಡೆ. ಗಟ್ಟಿಯಾಗಿತ್ತು. ಅವರು ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಯಂತ್ರದ ಸದ್ದು ಶುರುವಾಯಿತು.

ಟೇಪು ಜಗ್ಗಿರಲಿಲ್ಲ. ಅದನ್ನು ನಾನು ಅವರಿಗೆ ಹೇಳಲಿಲ್ಲ.